ಉಪಕರಣವೋ, ಮದ್ದುಗುಂಡೋ: ಕಾಡತೂಸು ತುಂಬುವ ಹಳೆಯ ಡೈಗಳ ಗುರುತು, ಖರೀದಿ, ಕಾನೂನು

ಜೇವರ್ಗಿ ತಾಲ್ಲೂಕಿನ ಕೊಳಕೂರದ ನಮ್ಮ ಹಳೆಯ ಮನೆಯ ನಾಗಂದಿಗೆಯ ಮೇಲೆ ಒಂದು ತಗಡಿನ ಪೆಟ್ಟಿಗೆ ಇತ್ತು. ಅದರೊಳಗೆ ಗೇಣುದ್ದದ, ಹಿತ್ತಾಳೆ ಮತ್ತು ಕಬ್ಬಿಣದ ಒಂದು ಸಾಧನ. ಮೇಜಿನ ಅಂಚಿಗೆ ಬಿಗಿಯಲು ಕೆಳಗೊಂದು ತಿರುಪು, ಪಕ್ಕದಲ್ಲಿ ಮರದ ಹಿಡಿಯ ಪುಟ್ಟ ಕೈ, ನಡುವೆ ಹೆಬ್ಬೆರಳು ತೂರುವಷ್ಟು ಗುಂಡನೆಯ ಬಾಯಿ. ಮನೆಯ ಹೆಣ್ಣುಮಕ್ಕಳು ಅದನ್ನು ಶ್ಯಾವಿಗೆಗೆ ಸಂಬಂಧಪಟ್ಟ ವಿಲಾಯತಿ ಸಾಮಾನು ಅಂದುಕೊಂಡಿದ್ದರು. ನಾವು ಹುಡುಗರು ಕೈ ತಿರುವಿ ತಿರುವಿ ಆಡಿದ್ದೆವು. ತುಕ್ಕಿನ ನಡುವೆ ಓದಲು ಬರುತ್ತಿದ್ದದ್ದು ಎರಡೇ: ಶೆಫೀಲ್ಡ್ ಎಂಬ ಊರಿನ ಹೆಸರು, 12 ಎಂಬ ಅಂಕಿ.

ಅದು ಕಾಗದದ ಕಾಡತೂಸಿನ ಬಾಯಿಯನ್ನು ಒಳಕ್ಕೆ ಮಡಚುವ ಸಾಧನ ಎಂದು ನನಗೆ ಗೊತ್ತಾದದ್ದು ಐವತ್ತು ದಾಟಿದ ಮೇಲೆ. ಮುತ್ತಜ್ಜನ ಬಳಿ ಜೋಡಿ ನಳಿಕೆಯ ಬಂದೂಕು ಇತ್ತಂತೆ. ಬಂದೂಕು ಎಂದೋ ಮನೆಯಿಂದ ಹೋಯಿತು, ಅದರ ಕಾಗದಪತ್ರವೂ ಹೋಯಿತು. ಇದನ್ನು ಮಾತ್ರ ಯಾರೂ ಬಂದೂಕಿನ ಸಂಸಾರಕ್ಕೆ ಸೇರಿದ್ದೆಂದು ತಿಳಿಯಲಿಲ್ಲ, ಹಾಗಾಗಿ ಉಳಿಯಿತು.

ಅದೇ ಹೊತ್ತಿಗೆ ಅಮೆರಿಕದ ಟೆಕ್ಸಸ್‌ನಲ್ಲಿರುವ ನಮ್ಮ ಅಣ್ಣನ ಮಗ ಫೋನು ಮಾಡಿದ. ಅವನಿಗೆ ಗುರಿ ಹೊಡೆಯುವ ಹವ್ಯಾಸ ಹತ್ತಿದೆ. “ಕಾಕಾ, ಇಲ್ಲಿ ಒಬ್ಬ ಮುದುಕರು ತಮ್ಮ ಹಳೇ ಡೈ ಎಲ್ಲಾ ಮಾರಲಿಕ್ಕತ್ಯಾರ್ರಿ. ತಗೊಳ್ಳಲೇನು? ಊರಿಗೆ ಬರೂಮುಂದ ನಿಮಗೂ ಒಂದು ಸೆಟ್ ತರ್ತೀನಿ, ಮನ್ಯಾಗಿನ ಆ ಹಿತ್ತಾಳಿ ಸಾಮಾನಿನ ಜೋಡಿ ಇಡ್ರಿ” ಅಂದ. “ತಮ್ಮಾ, ಬ್ಯಾಡ, ಸ್ವಲ್ಪ ತಡಿ” ಅಂದೆ. ಯಾಕೆ ತಡಿ ಅಂದೆನೋ ಅದನ್ನು ಅವನಿಗೆ ಸರಿಯಾಗಿ ಹೇಳಲು ನಾನು ಓದಬೇಕಾಯಿತು. ಈ ಲೇಖನ ಆ ಓದಿನಿಂದ ಹುಟ್ಟಿದ್ದು.

ಪ್ರಶ್ನೆ ಮೇಲ್ನೋಟಕ್ಕೆ ಒಂದೇ: ಯಾರೋ ಬಳಸಿಬಿಟ್ಟ ಡೈ ಕೊಳ್ಳಬಹುದೇ? ಅಮೆರಿಕದಲ್ಲಿ ಕುಳಿತವನಿಗೆ ಇದು ಉಕ್ಕಿನ ಪ್ರಶ್ನೆ. ನಮ್ಮಲ್ಲಿ ಕುಳಿತವನಿಗೆ ಮೊದಲು ಕಾನೂನಿನ ಪ್ರಶ್ನೆ, ಆಮೇಲೆ ಉಕ್ಕಿನದು. ಎರಡನ್ನೂ ಬಿಡಿಸಿ ನೋಡಬೇಕು.

ಡೈ ಮಾಡುವ ಕೆಲಸ

ಗುಂಡು ಹಾರಿದಾಗ ಹಿತ್ತಾಳೆಯ ಕೋಶ ಬಿಸಿ ಮತ್ತು ಒತ್ತಡಕ್ಕೆ ಹಿಗ್ಗಿ ಬಂದೂಕಿನ ಕೋಣೆಯ ಗೋಡೆಗೆ ಒತ್ತಿಕೊಳ್ಳುತ್ತದೆ. ಕೋಶ ಹಾಳಾಗಿರುವುದಿಲ್ಲ, ದಪ್ಪವಾಗಿರುತ್ತದೆ ಅಷ್ಟೆ. ಅದನ್ನು ಮತ್ತೆ ಮೊದಲಿನ ಅಳತೆಗೆ ಹಿಂಡುವ ಗಟ್ಟಿ ಉಕ್ಕಿನ ಅಚ್ಚೇ ಡೈ. ಹಿಂಡುವಾಗಲೇ ನಡುವಿನ ಸಲಾಕೆಯ ಮೊನೆ, ಮದ್ದಿಗೆ ಕಿಡಿ ಕೊಟ್ಟು ಸುಟ್ಟ ತಳದ ಕೇಪನ್ನು ತಳ್ಳಿ ಬೀಳಿಸುತ್ತದೆ. ಎರಡನೆಯ ಡೈ ಹೊಸ ಗುಂಡನ್ನು ಕೋಶದ ಬಾಯಲ್ಲಿ ಕೂರಿಸುತ್ತದೆ. ಕತ್ತು ಸಪೂರವಾಗಿರುವ ರೈಫಲ್ ಕೋಶಕ್ಕೆ ಸಾಮಾನ್ಯವಾಗಿ ಎರಡು ಡೈ, ನೆಟ್ಟಗಿನ ಪಿಸ್ತೂಲು ಕೋಶಕ್ಕೆ ಮೂರು. ಮೂರನೆಯದು ಬಾಯನ್ನು ತುಸು ಅಗಲಿಸಲು. ಡೈಯನ್ನು ಪ್ರೆಸ್ಸಿನ ತಲೆಗೆ ತಿರುಪಿ ಕೂರಿಸುತ್ತಾರೆ. ಕಬ್ಬಿನ ಗಾಣದಲ್ಲೋ ಟ್ರ್ಯಾಕ್ಟರ್ ರಿಪೇರಿ ಅಂಗಡಿಯಲ್ಲೋ ಬೇರಿಂಗು ಕೂರಿಸುವುದನ್ನು ಕಂಡವರಿಗೆ ಈ ತರ್ಕ ಹೊಸದಲ್ಲ: ಕೂರುವ ಜಾಗದ ಅಳತೆ ಕೂದಲೆಳೆಯಷ್ಟು ತಪ್ಪಿದರೂ ಯಂತ್ರ ಕೆಡುತ್ತದೆ. ಇಲ್ಲಿ ಕೆಡುವುದು ಯಂತ್ರ ಮಾತ್ರವಲ್ಲ. ಒತ್ತಡ ಹಿಡಿತ ತಪ್ಪುವುದು ಕೆನ್ನೆಗೆ ನಾಲ್ಕು ಬೆರಳು ದೂರದಲ್ಲಿ.

ಎರಡು ಕೇಪು, ಎರಡು ದಾರಿ

ಈ ಕಸುಬಿನ ಚರಿತ್ರೆ 1860ರ ದಶಕದಲ್ಲಿ ಕವಲೊಡೆಯಿತು. ಅಮೆರಿಕದ ಹಿರಾಮ್ ಬರ್ಡನ್ ರೂಪಿಸಿದ ಕೇಪಿನ ವ್ಯವಸ್ಥೆಯಲ್ಲಿ ಕುಟ್ಟುಗಲ್ಲಿನಂಥ ಮೊಳೆ ಕೋಶದಲ್ಲೇ ಇರುತ್ತದೆ, ಬೆಂಕಿ ಹಾಯಲು ಅದರ ಅಕ್ಕಪಕ್ಕ ಸಣ್ಣ ತೂತುಗಳು. ಇಂಗ್ಲೆಂಡಿನ ವೂಲಿಚ್ ರಾಯಲ್ ಲ್ಯಾಬೊರೇಟರಿಯ ಎಡ್ವರ್ಡ್ ಬಾಕ್ಸರ್ ರೂಪಿಸಿದ ವ್ಯವಸ್ಥೆಯಲ್ಲಿ ಆ ಮೊಳೆ ಕೇಪಿನೊಳಗೇ ಇರುತ್ತದೆ, ಕೋಶದ ನಡುವೆ ಒಂದೇ ತೂತು. ನಡುವೆ ತೂತಿದ್ದರೆ ಡೈಯ ಸಲಾಕೆ ನೇರ ಇಳಿದು ಸುಟ್ಟ ಕೇಪನ್ನು ತಳ್ಳುತ್ತದೆ. ಇಲ್ಲದಿದ್ದರೆ ಮೊಳೆಗೆ ಬಡಿದು ಸಲಾಕೆಯೇ ಮುರಿಯುತ್ತದೆ. ಇಂಗ್ಲಿಷಿನವನ ಕೇಪು ಅಮೆರಿಕದಲ್ಲಿ ನೆಲೆಯೂರಿತು, ಅಮೆರಿಕದವನ ಕೇಪು ಯುರೋಪಿನಲ್ಲಿ. ಮನೆಯಲ್ಲೇ ಕಾಡತೂಸು ತುಂಬುವ ಹವ್ಯಾಸ ಅಮೆರಿಕದಲ್ಲಿ ಅಷ್ಟು ಹಬ್ಬಲು ಈ ಅದಲುಬದಲೂ ಒಂದು ಕಾರಣ.

ಭಾರತಕ್ಕೆ ಬಂದದ್ದು ಬರ್ಡನ್ ದಾರಿ. ಪುಣೆಯ ಖಡ್ಕಿ ಕಾರ್ಖಾನೆಯ .303 ಕೋಶಗಳು ಬರ್ಡನ್ ಬಗೆಯವು. ಅವುಗಳಲ್ಲಿ ತುಂಬುತ್ತಿದ್ದ ಕಾರ್ಡೈಟ್ ಮದ್ದು ಶ್ಯಾವಿಗೆಯ ಎಳೆಗಳ ಕಟ್ಟಿನಂತೆ ಇರುತ್ತಿತ್ತು. ಅದನ್ನು ಇಳಿಸಿದ ಮೇಲೆ ಕೋಶದ ಕತ್ತನ್ನು ಸಪೂರ ಮಾಡುತ್ತಿದ್ದರು. ಮನೆಯ ಮೇಜಿನ ಮೇಲೆ ಆಗುವ ಕೆಲಸವಲ್ಲ ಅದು. ಹಾಗಾಗಿ ನಮ್ಮಲ್ಲಿ ಕೈಯಿಂದ ತುಂಬುವ ರೂಢಿ ಇದ್ದದ್ದು ಚರೆಯ ಬಂದೂಕಿಗೆ: ಕಾಗದದ ಅಥವಾ ಹಿತ್ತಾಳೆಯ ಕೋಶ, ಮದ್ದು, ಡಾಟು, ಚರೆ, ಮೇಲೊಂದು ರಟ್ಟಿನ ಬಿಲ್ಲೆ, ಕೊನೆಗೆ ನಮ್ಮ ಪೆಟ್ಟಿಗೆಯಲ್ಲಿದ್ದಂಥ ಸಾಧನದಿಂದ ಬಾಯಿ ಮಡಚುವುದು. ಶೆಫೀಲ್ಡಿನ ಜೇಮ್ಸ್ ಡಿಕ್ಸನ್, ಹಾಕ್ಸ್ಲಿ ಮುಂತಾದ ಮನೆತನಗಳು ಇಂಥವನ್ನು ಮಾಡಿ ಸಾಮ್ರಾಜ್ಯದ ಮೂಲೆ ಮೂಲೆಗೆ ಕಳಿಸಿದವು. ಕೇಪಿನ ಕೋವಿಯವರಿಗೆ ಇದೂ ಬೇಡ. ನಳಿಕೆಯ ಬಾಯಿಂದಲೇ ಮದ್ದು ಜಡಿದರೆ ಸಾಕು. ಅವರ ಕೈಯಲ್ಲಿದ್ದದ್ದು ಸೀಸ ಎರೆಯುವ ಇಕ್ಕಳದಂಥ ಗುಂಡಿನ ಅಚ್ಚು.

ಅಮೆರಿಕದಲ್ಲಿ 1884ರಲ್ಲಿ ಜಾನ್ ಬಾರ್ಲೊ ಎಂಬಾತ ಐಡಿಯಲ್ ಎಂಬ ಹೆಸರಿನಲ್ಲಿ ಅಡಕತ್ತಿನಂಥ ಕೈಸಾಧನ ಮಾಡತೊಡಗಿದ. ಮುಂದೆ, 1925ರಲ್ಲಿ, ಅದು ಲೈಮನ್ ಕಂಪನಿಯ ಕೈಸೇರಿತು. ಎರಡನೆಯ ಮಹಾಯುದ್ಧದಲ್ಲಿ ಗುಂಡಿನ ಬರ ಬಂದಾಗ ಕ್ಯಾಲಿಫೋರ್ನಿಯದ ಆರೊವಿಲ್ ಊರಿನ ಫ್ರೆಡ್ ಹಂಟಿಂಗ್ಟನ್ ಖಾಲಿ .22 ಕೋಶಗಳನ್ನೇ ಹಿಂಡಿ ಗುಂಡಿನ ಕವಚ ಮಾಡುವ ಡೈ ಕಟ್ಟಿದ. 1943ರಲ್ಲಿ ಆರಂಭವಾದ ಆ ಉದ್ಯಮವೇ ಆರ್‌ಸಿಬಿಎಸ್. 1958ರಲ್ಲಿ ರಿಚರ್ಡ್ ಲೀ ಪ್ರೆಸ್ಸೇ ಬೇಡದ, ಸುತ್ತಿಗೆಯಿಂದ ತಟ್ಟಿ ತುಂಬುವ ಅಗ್ಗದ ಸೆಟ್ ತಂದ. ನಡುವೆ ಡೈಯ ಹೊರಗಿನ ತಿರುಪಿಗೆ ಒಂದು ಒಮ್ಮತ ಮೂಡಿತು: ಮುಕ್ಕಾಲಂಗುಲಕ್ಕಿಂತ ತುಸು ದಪ್ಪ, ಅಂದರೆ ಎಂಟರಲ್ಲಿ ಏಳು ಅಂಗುಲ, ಅಂಗುಲಕ್ಕೆ 14 ಸುತ್ತು. ಈ ಒಂದು ಒಮ್ಮತದಿಂದಲೇ ಹಳೆಯ ಡೈಗಳ ಮಾರುಕಟ್ಟೆ ಹುಟ್ಟಿತು. ಅರವತ್ತು ವರ್ಷದ ಹಿಂದಿನ ಡೈ ಇಂದಿನ ಪ್ರೆಸ್ಸಿಗೆ ಕೂರುತ್ತದೆ, ಅಜ್ಜನದು ಮೊಮ್ಮಗನಿಗೆ ಬರುತ್ತದೆ.

ಮುದ್ರೆಯೋ, ಅಳತೆಯೋ

ಹಳೆಯ ಡೈ ಕೊಳ್ಳುವ ವಿಚಾರದಲ್ಲಿ ಮೂರು ಪಂಥಗಳಿವೆ. ನಮ್ಮ ಅಣ್ಣನ ಮಗನಂಥ ಹೊಸಬರು ಮೊದಲು ಸೇರುವುದು ಮುದ್ರೆಯನ್ನು ನಂಬುವ ಪಂಥ. ಡೈಯ ತಲೆಯ ಮೇಲೆ ಕೊರೆದ ಕಂಪನಿಯ ಹೆಸರು, ಕಾಡತೂಸಿನ ಹೆಸರು, ಕೆಲವದರಲ್ಲಿ ತಯಾರಾದ ವರ್ಷದ ಕೊನೆಯ ಎರಡು ಅಂಕಿ, ಇಷ್ಟು ಓದಿದರೆ ಸಾಕು ಎನ್ನುವವರು ಇವರು. ಆರ್‌ಸಿಬಿಎಸ್ ಡೈಗಳಲ್ಲಿ ಆ ಎರಡು ಅಂಕಿ ಕಾಣುತ್ತವೆ. ಇವರ ವಾದದಲ್ಲಿ ಹುರುಳಿದೆ. ಉಕ್ಕಿನ ಡೈ ಸವೆಯುವುದು ತೀರ ನಿಧಾನ. ಮನೆಬಳಕೆಯಲ್ಲಿ ಒಬ್ಬನ ಆಯುಷ್ಯಕ್ಕೆ ಸವೆದು ಮುಗಿಯುವುದಿಲ್ಲ. ಒಳ್ಳೆಯ ಮನೆತನದ ಡೈ ಎಷ್ಟು ಹಳತಾದರೂ ಒಳ್ಳೆಯದೇ. ಮೂಲ ಕಂಪನಿ ಇನ್ನೂ ಬದುಕಿದ್ದರೆ ಮುರಿದ ಸಲಾಕೆ, ಕಳೆದ ಉಂಗುರ ಸಿಗುತ್ತವೆ. ಮಿನ್ನೆಸೋಟದ ಹರ್ಟರ್ಸ್ ಥರ ಮುಚ್ಚಿಹೋದ ಕಂಪನಿಯದಾದರೆ ಡೈ ಚೆನ್ನಾಗಿದ್ದರೂ ಬಿಡಿಭಾಗಕ್ಕೆ ಅಲೆಯಬೇಕು.

ಆದರೆ ಮುದ್ರೆ ಮೋಸ ಮಾಡುವ ಜಾಗಗಳಿವೆ, ಅವುಗಳಲ್ಲಿ ಎರಡು ನಮ್ಮ ದೇಶದ ಚರಿತ್ರೆಗೇ ಅಂಟಿಕೊಂಡಿವೆ.

ಮೊದಲನೆಯದು .315. ಪಶ್ಚಿಮ ಬಂಗಾಳದ ಇಷಾಪುರದ ರೈಫಲ್ ಕಾರ್ಖಾನೆ ನಾಗರಿಕರಿಗೆಂದು ಮಾಡುವ .315 ರೈಫಲ್ ನಮ್ಮ ಅನೇಕ ಪರವಾನಗಿ ಪುಸ್ತಕಗಳಲ್ಲಿ ಕಾಣುತ್ತದೆ. ಅದರ ಕಾಡತೂಸು ಮೂಲದಲ್ಲಿ ಆಸ್ಟ್ರಿಯದ ಸೈನ್ಯದ ಮನ್‌ಲಿಖರ್. ಮಿಲಿಮೀಟರಿನಲ್ಲಿ 8×50, ತಳದಲ್ಲಿ ಅಂಚು. ಬ್ರಿಟಿಷ್ ಸೈನ್ಯದ ಗುಂಡು ಜನರ ಬಂದೂಕಿಗೆ ಹೊಂದಬಾರದೆಂಬ ಎಚ್ಚರದಲ್ಲಿ ಇಂಥ ಹೊರಗಿನ ಅಳತೆ ಇಲ್ಲಿ ಬೇರೂರಿತು. ಈಗ ನೋಡಿ: ಫ್ರೆಂಚ್ ಸೈನ್ಯದ ಲೆಬೆಲ್ ಕಾಡತೂಸನ್ನೂ ಪುಸ್ತಕಗಳಲ್ಲಿ 8×50 ಎಂದೇ ಬರೆಯುತ್ತಾರೆ, ಅದಕ್ಕೂ ತಳದಲ್ಲಿ ಅಂಚಿದೆ. ಎರಡೂ ಬೇರೆ ಬೇರೆ ಆಕಾರದವು, ಒಂದರ ಡೈ ಇನ್ನೊಂದಕ್ಕೆ ಬಾರದು. ಬರೀ ‘8 ಮಿ.ಮೀ.’ ಎಂದು ಕೊರೆದ ಡೈ ಜರ್ಮನಿಯ 8×57ರದೂ ಆಗಿರಬಹುದು. ಅದರಲ್ಲೂ ಹಳೆಯ ಮತ್ತು ಹೊಸ ಗುಂಡಿನ ವ್ಯಾಸ ಬೇರೆ: ಒಂದು .318 ಅಂಗುಲ, ಇನ್ನೊಂದು .323. ಅಂಗುಲದ ಸಾವಿರದಲ್ಲಿ ಐದು ಭಾಗ ತಾನೇ ಎಂದು ಬಿಡುವಂತಿಲ್ಲ. ಚಿಕ್ಕ ನಳಿಕೆಯಲ್ಲಿ ದೊಡ್ಡ ಗುಂಡು ಹೊಕ್ಕರೆ ಒತ್ತಡ ಏರುತ್ತದೆ.

ಎರಡನೆಯದು ಬೇಟೆಯ ಕಾಲದ ದೊಡ್ಡ ರೈಫಲ್‌ಗಳದು. 1907ರಲ್ಲಿ ಬ್ರಿಟಿಷ್ ಸರ್ಕಾರ .450 ಅಳತೆಯ ಗುಂಡು ಭಾರತಕ್ಕೆ ಬರುವುದನ್ನು ನಿಷೇಧಿಸಿತು. ಹಳೆಯ ಮಾರ್ಟಿನಿ ಹೆನ್ರಿ ರೈಫಲ್‌ಗಳು ದಂಗೆಕೋರರ ಕೈಯಲ್ಲಿದ್ದವು, ಅವಕ್ಕೆ ಗುಂಡು ಸಿಗಬಾರದೆಂಬುದು ಕಾರಣ. ಬ್ರಿಟನ್ನಿನ ಬಂದೂಕು ತಯಾರಕರು ಕೂಡಲೇ .465, .470, .475, .476 ಎಂದು ಸಾಲು ಸಾಲು ಹೊಸ ಅಳತೆ ಹೊರತಂದರು. ಒಂದೇ ಕಾನೂನಿನಿಂದ ಅಷ್ಟು ಕವಲು! ಬೇಟೆಗಾರ ಜಿಮ್ ಕಾರ್ಬೆಟ್ ಬಳಸಿದ .450/400 ಎಂಬ ಹೆಸರಿನಡಿ ಮೂರಂಗುಲದ ಕೋಶವೂ ಇದೆ, ಮೂರೂಕಾಲು ಅಂಗುಲದ್ದೂ ಇದೆ. ಡೈಯ ತಲೆಯ ಮೇಲೆ ಉದ್ದ ಕೊರೆದಿಲ್ಲದಿದ್ದರೆ ಹೆಸರಿಗೆ ಅರ್ಥವೇ ಇಲ್ಲ. ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ ಅವರ .405 ವಿಂಚೆಸ್ಟರ್ ಈ ಗೊಂದಲದಿಂದ ಪಾರಾದದ್ದು, ಅದು ಅಮೆರಿಕದ ಒಂಟಿ ಕವಲಾದ್ದರಿಂದ.

ಇದರಿಂದ ಹುಟ್ಟಿದ್ದು ಅಳತೆಯ ಪಂಥ. ಡೈಯನ್ನು ಓದಬೇಡಿ, ಅದು ಹಿಂಡಿಕೊಟ್ಟ ಕೋಶವನ್ನು ಓದಿ ಎಂಬುದು ಇವರ ಮಾತು. ಕೊಳ್ಳುವ ಮುನ್ನ ಒಂದು ಖಾಲಿ ಕೋಶಕ್ಕೆ ಎಣ್ಣೆ ಸವರಿ ಹಿಂಡಿ ಹೊರತೆಗೆಯಬೇಕು. ಕೋಶದ ಮೇಲೆ ಉದ್ದುದ್ದ ಗೀರು ಬಿದ್ದರೆ ಒಳಗೆ ಹಿತ್ತಾಳೆಯ ಚೂರು ಅಂಟಿದೆ, ಇಲ್ಲವೇ ತುಕ್ಕು ಕೊರೆದಿದೆ. ಅಂಟಿದ್ದಾದರೆ ಉಜ್ಜಿ ತೆಗೆಯಬಹುದು. ತುಕ್ಕು ಗುಳಿ ತೋಡಿದ್ದರೆ ಆ ಡೈಯ ಕಥೆ ಮುಗಿಯಿತು. ಆಮೇಲೆ ಕೋಶವನ್ನು ಅಳತೆಗೋಲಿನಲ್ಲಿ ಇಳಿಸಿ ಭುಜದ ಎತ್ತರ, ಕತ್ತಿನ ದಪ್ಪ ನೋಡಬೇಕು. ಈ ಪಂಥದ ಬಲ ಕಾಣುವುದು 1965ಕ್ಕಿಂತ ಮುಂಚಿನ .22-250 ಅಥವಾ 1969ಕ್ಕಿಂತ ಮುಂಚಿನ .25-06 ಡೈಗಳಲ್ಲಿ. ರೆಮಿಂಗ್ಟನ್ ಕಂಪನಿ ಆ ವರ್ಷಗಳಲ್ಲಿ ಅವಕ್ಕೆ ಒಂದು ಅಧಿಕೃತ ಅಳತೆ ಕೊಡುವ ಮೊದಲು, ಅವು ಕಮ್ಮಟದಿಂದ ಕಮ್ಮಟಕ್ಕೆ ಬದಲಾಗುವ ಖಾಸಗಿ ಪ್ರಯೋಗಗಳಾಗಿದ್ದವು. ಹೆಸರು ಅದೇ, ಭುಜ ಬೇರೆ. ಒಬ್ಬನ ರೈಫಲ್ಲಿಗೆಂದೇ ಅವನ ಸುಟ್ಟ ಕೋಶ ನೋಡಿ ಮಾಡಿದ ಡೈಗಳೂ ಇರುತ್ತವೆ. ಅವು ಮುದ್ರೆಯಲ್ಲಿ ಎಲ್ಲರಂತೆ, ಹೊಟ್ಟೆಯಲ್ಲಿ ಬೇರೆ.

ಮೂರನೆಯವರು ಹೊಸದನ್ನೇ ಕೊಳ್ಳಿ ಎನ್ನುತ್ತಾರೆ. ಪೂರ್ಣ ಪೆಟ್ಟಿಗೆ ಇಲ್ಲದ ಹಳೆಯ ಸೆಟ್ಟಿನಲ್ಲಿ ಯಾರೋ ಕೋಶದ ಕತ್ತನ್ನು ಒಳಗಿನಿಂದ ಅಗಲಿಸುವ ಉಬ್ಬುಗುಂಡನ್ನು ಬೇರೆ ಅಳತೆಯದು ತೊಡಿಸಿಟ್ಟಿರಬಹುದು, ಪಿಸ್ತೂಲಿನ ಸೆಟ್ಟಿನಲ್ಲಿ ಮೂರರ ಬದಲು ಎರಡೇ ಇರಬಹುದು. ಟಂಗ್‌ಸ್ಟನ್ ಕಾರ್ಬೈಡಿನ ಉಂಗುರವಿರುವ ಹೊಸ ಡೈಗೆ ನೆಟ್ಟಗಿನ ಕೋಶಕ್ಕೆ ಎಣ್ಣೆಯೂ ಬೇಡ. ಇವರ ಮಾತು ಸುರಕ್ಷಿತ, ಆದರೆ .315ರಂಥ ಅಪರೂಪದ ಅಳತೆಗೆ ಹೊಸದು ಅಂಗಡಿಯಲ್ಲಿ ಕಾದು ಕೂತಿರುವುದಿಲ್ಲ.

ಮೂವರಲ್ಲಿ ನಾನು ಅಳತೆಯವರ ಕಡೆ. ಮುದ್ರೆ ಎಲ್ಲಿ ಹುಡುಕಬೇಕೆಂದು ಹೇಳುತ್ತದೆ, ಅಳತೆ ಸಿಕ್ಕಿತೋ ಇಲ್ಲವೋ ಎಂದು ಹೇಳುತ್ತದೆ. ಅಣ್ಣನ ಮಗನಿಗೂ ಅದನ್ನೇ ಹೇಳಿದೆ: “ಹೆಸರು ನೋಡಿ ರೊಕ್ಕ ಕೊಡಬ್ಯಾಡ. ಒಂದು ಕೋಶ ಹಿಂಡಿ, ಅಳದು, ಆಮ್ಯಾಲ ಕೊಡು.”

ನಮ್ಮಲ್ಲಿ ಮೊದಲ ಪ್ರಶ್ನೆ ಬೇರೆ

ಅವನು ಇನ್ನೊಂದು ಸೆಟ್ ಊರಿಗೆ ತರುತ್ತೇನೆಂದದ್ದಕ್ಕೆ ನಾನು ತಡೆದದ್ದು ಯಾಕೆಂದರೆ, ಭಾರತದ ಕಾನೂನಿನ ಕಣ್ಣಿಗೆ ಡೈ ಬರೀ ಉಕ್ಕಿನ ತುಂಡಾಗಿ ಕಾಣದಿರಬಹುದು.

1959ರ ಆಯುಧ ಕಾಯ್ದೆ ಜಾರಿಗೆ ಬಂದದ್ದು 1962ರ ಅಕ್ಟೋಬರ್ 1ರಂದು. ಅದರ 2ನೇ ಕಲಮಿನಲ್ಲಿ ‘ಮದ್ದುಗುಂಡು’ ಎಂದರೆ ಏನೇನು ಎಂಬ ಪಟ್ಟಿಯಿದೆ. ರಾಕೆಟ್ಟು, ಬಾಂಬು, ಕೈಬಾಂಬುಗಳಿಂದ ಶುರುವಾಗುವ ಆ ಪಟ್ಟಿಯ ಕೊನೆಯತ್ತ, ಮದ್ದುಗುಂಡಿನ ಭಾಗಗಳು ಮತ್ತು ಮದ್ದುಗುಂಡು ತಯಾರಿಸುವ ಯಂತ್ರಸಾಮಗ್ರಿಯೂ ಮದ್ದುಗುಂಡೇ ಎಂದು ಬರೆದಿದೆ. ಓದಿದಾಗ ನಾನು ಪುಸ್ತಕ ಕೆಳಗಿಟ್ಟು ನಾಗಂದಿಗೆಯ ಪೆಟ್ಟಿಗೆಯನ್ನು ನೆನೆದೆ. ಒಂದು ಕಾಳು ಮದ್ದಿಲ್ಲದ, ಒಂದು ಚರೆಯೂ ಇಲ್ಲದ ಹಿತ್ತಾಳೆಯ ಸಾಮಾನು ಮದ್ದುಗುಂಡೇ?

ಈ ಪದಗಳು 1959ರಲ್ಲಿ ಹುಟ್ಟಿದವಲ್ಲ. 1878ರ ಬ್ರಿಟಿಷ್ ಆಯುಧ ಕಾಯ್ದೆಯಲ್ಲೂ ಮದ್ದುಗುಂಡು ತಯಾರಿಸುವ ಯಂತ್ರಸಾಮಗ್ರಿ ಮದ್ದುಗುಂಡೇ ಆಗಿತ್ತು. ಚಕಮಕಿ ಕಲ್ಲು, ಡಾಟು, ಕೇಪು ಕೂಡ. ಸೀಸ, ಗಂಧಕ, ಪೆಟ್ಲುಪ್ಪು ಮಾತ್ರ ಆ ಪಟ್ಟಿಯಿಂದ ಹೊರಗೆ. ಕಚ್ಚಾ ಮಾಲನ್ನು ಬಿಟ್ಟು ಕಸುಬನ್ನು ಹಿಡಿದ ಕಾನೂನು ಅದು. ಅದರ ಹಿಂದೆ 1857ರ ಭಯವಿತ್ತು. ಆ ವರ್ಷ ಆಯುಧ ಒಪ್ಪಿಸಬೇಕೆಂಬ ಆಜ್ಞೆ ಬಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪದೆ ನಿಂತರು; ಊರು ಸುಟ್ಟುಹೋಯಿತು, ಹಲವರು ನೇಣಿಗೇರಿದರು. ಮರುವರ್ಷ ನಮ್ಮ ಪಕ್ಕದ ಸುರಪುರದ ವೆಂಕಟಪ್ಪ ನಾಯಕನ ಹೋರಾಟ. ಕೊಳಕೂರ, ಜೇವರ್ಗಿ ಆಗ ನಿಜಾಮನ ಸೀಮೆ, ಬ್ರಿಟಿಷರ ಕಾಯ್ದೆ ನೇರವಾಗಿ ನಮ್ಮದಲ್ಲ. ಆದರೆ 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಭಾರತದೊಳಗೆ ಬಂದ ನಮಗೂ ಕೊನೆಗೆ ಸಿಕ್ಕಿದ್ದು ಆ ಹಳೆಯ ಪಟ್ಟಿಯ ಮಗನೇ.

ಈ ಪದಗಳನ್ನು ಓದುವುದರಲ್ಲಿ ಎರಡು ನಿಲುವು ಸಾಧ್ಯ. ಮೊದಲನೆಯದು ಅಕ್ಷರಶಃ ಓದುವುದು. ಡೈ ಇರುವುದೇ ಕಾಡತೂಸು ತಯಾರಿಸಲು. ಹಾಗಾದರೆ ಅದು ಯಂತ್ರಸಾಮಗ್ರಿ, ಹಾಗಾದರೆ ಮದ್ದುಗುಂಡು. 3ನೇ ಕಲಮಿನಂತೆ ಪರವಾನಗಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ, 10ನೇ ಕಲಮಿನಂತೆ ಪರವಾನಗಿ ಇಲ್ಲದೆ ಹೊರದೇಶದಿಂದ ತರುವಂತಿಲ್ಲ, 5ನೇ ಕಲಮಿನಂತೆ ಅದರಿಂದ ತಯಾರಿಸುವಂತಿಲ್ಲ. ಬಂದೂಕಿನ ಪರವಾನಗಿ ಇದ್ದವನಿಗೆ ತಯಾರಿಕೆಯ ಪರವಾನಗಿ ಇದ್ದಂತಲ್ಲ. 2019ರ ತಿದ್ದುಪಡಿಯ ನಂತರ ಅಕ್ರಮ ತಯಾರಿಕೆಗೆ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ. ಈ ನಿಲುವನ್ನು ಬರೀ ಕಟುವೆಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಭೀಮಾತೀರ ಎಂದರೆ ಹೊರಗಿನವರಿಗೆ ನೆನಪಾಗುವುದು ನಮ್ಮ ತೊಗರಿಯಲ್ಲ, ನಾಡಪಿಸ್ತೂಲು. ಸೇಡಿಗೆ ಮನೆ ಮನೆಗಳೇ ಒಡೆದ ಸೀಮೆ ಇದು. ಖಾಲಿ ಕೋಶ ಮತ್ತೆ ತುಂಬಲು ಸಾಧ್ಯವಾದರೆ ಅಂಗಡಿಯ ಲೆಕ್ಕದ ಪುಸ್ತಕಕ್ಕೆ ಬೆಲೆ ಇರುವುದಿಲ್ಲ. ಯಾರಿಗೆ ಎಷ್ಟು ಗುಂಡು ಹೋಯಿತೆಂಬ ಲೆಕ್ಕವೇ ನಮ್ಮ ಪರವಾನಗಿ ವ್ಯವಸ್ಥೆಯ ಬೆನ್ನೆಲುಬು.

ಎರಡನೆಯ ನಿಲುವು ಉದ್ದೇಶ ನೋಡಿ ಓದುವುದು. ಅದರ ಆಧಾರ 45ನೇ ಕಲಮು. ಬಳಕೆಗೆ ಬಾರದ, ಪುರಾತನ ಮೌಲ್ಯದ ಆಯುಧಗಳನ್ನು ಆ ಕಲಮು ಕಾಯ್ದೆಯಿಂದ ಹೊರಗಿಡುತ್ತದೆ. ಜೊತೆಗೆ, ಪೂರಕವಾದ ಉಳಿದ ಭಾಗಗಳೊಂದಿಗೆ ಸೇರಿಸಿ ಬಳಸುವ ಉದ್ದೇಶವಿಲ್ಲದ, ಆಯುಧ ಅಥವಾ ಮದ್ದುಗುಂಡಿನ ಸಣ್ಣ ಭಾಗಗಳನ್ನು ಇಟ್ಟುಕೊಳ್ಳುವುದಕ್ಕೂ ಕಾಯ್ದೆ ಅನ್ವಯವಾಗದು ಎನ್ನುತ್ತದೆ. ಮನೆಯಲ್ಲಿ ಬಂದೂಕಿಲ್ಲ, ಮದ್ದಿಲ್ಲ, ಕೇಪಿಲ್ಲ. ಮುತ್ತಜ್ಜನ ನೆನಪಿಗೆ ಉಳಿದದ್ದು ಇದೊಂದೇ. ಇದಕ್ಕಿಂತ ಸಣ್ಣ ಭಾಗ ಇನ್ನೇನು ಎಂದು ಈ ನಿಲುವಿನವರು ಕೇಳಬಹುದು. ತಿಳಿವಿಲ್ಲದ ಹಿಡಿತ ಅಪರಾಧದ ಹಿಡಿತವಲ್ಲ ಎಂಬುದಕ್ಕೆ ಸುಪ್ರೀಂ ಕೋರ್ಟು 1972ರಲ್ಲೇ ಗುಣವಂತಲಾಲ್ ಪ್ರಕರಣದಲ್ಲಿ ದಾರಿ ಮಾಡಿತ್ತು. ವಿಮಾನ ನಿಲ್ದಾಣಗಳಲ್ಲಿ ಚೀಲದ ಮೂಲೆಯಲ್ಲಿ ಒಂದು ಕಾಡತೂಸು ಸಿಕ್ಕಿ ಸಿಲುಕಿಕೊಂಡವರ ಎಷ್ಟೋ ಪ್ರಕರಣಗಳು ಈ ಎರಡು ಎಳೆಗಳನ್ನು ಹಿಡಿದು ಬಂದಿವೆ. 2012ರಲ್ಲಿ ದೆಹಲಿ ಹೈಕೋರ್ಟು ಚಾನ್ ಹಾಂಗ್ ಸೈಕ್ ಪ್ರಕರಣದಲ್ಲಿ ಬಂದೂಕಿಲ್ಲದ ಒಂಟಿ ಕಾಡತೂಸನ್ನು ಸಣ್ಣ ಭಾಗದ ಸಾಲಿಗೆ ಸೇರಿಸಿತು. ಆದರೆ ತುಂಬಿದ ಕಾಡತೂಸು ತಾನೇ ಪೂರ್ಣ ಮದ್ದುಗುಂಡು, ಅದು ಯಾವುದರದ್ದೂ ಭಾಗವಲ್ಲ ಎಂಬ ಅಭಿಪ್ರಾಯವೂ ಅದೇ ನ್ಯಾಯಾಲಯದಿಂದ ಮುಂದೆ ಬಂತು.

ನನಗೆ ಎರಡನೆಯ ನಿಲುವು ನ್ಯಾಯವೆನಿಸುತ್ತದೆ, ಆದರೆ ಗಟ್ಟಿಯೆನಿಸುವುದಿಲ್ಲ. ನನ್ನ ಸಂಗ್ರಹ ನಿರುಪದ್ರವಿ ಎಂದು ನಾನು ಹೇಳಿಕೊಳ್ಳಬಹುದು. ಹೇಳಬೇಕಾದದ್ದು ಅಧಿಕಾರಿ, ಇಲ್ಲವೇ ನ್ಯಾಯಾಲಯ. ಹಾಗಾಗಿ ಭಾರತದಲ್ಲಿ ಕೂತು ಹಳೆಯ ಡೈ ಕೊಳ್ಳಲು ಹೊರಟವರಿಗೆ, ಅಥವಾ ವಿದೇಶದಿಂದ ಚೀಲದಲ್ಲಿ ಹಾಕಿ ತರಲು ಹೊರಟ ನಮ್ಮ ಮಕ್ಕಳಿಗೆ, ನನ್ನ ಮಾತು ಒಂದೇ: ಲಿಖಿತ ಅನುಮತಿ ಇಲ್ಲದೆ ಬೇಡ.

ಕೊಡಗು, ತೊಗರಿಹೊಲ, ಗುರಿಕಟ್ಟೆ

ನಮ್ಮ ರಾಜ್ಯದಲ್ಲಿ ಈ ಪ್ರಶ್ನೆ ಮೂರು ಬಗೆಯ ಜನರನ್ನು ಮುಟ್ಟುತ್ತದೆ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ತೋಕ್ ಪೂ ಎಂಬ ಹೂ ಮುಡಿಸಿ ಪೂಜೆ ಮಾಡುತ್ತಾರೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. 1861ರಲ್ಲಿ ಬ್ರಿಟಿಷ್ ಅಧಿಕಾರಿ ಮಾರ್ಕ್ ಕಬ್ಬನ್ ಕೊಡವರಿಗೆ ಕೋವಿಯ ವಿಷಯದಲ್ಲಿ ಕೊಟ್ಟ ವಿನಾಯಿತಿ 1963ರ ಅಧಿಸೂಚನೆಯಲ್ಲಿ ಮುಂದುವರಿಯಿತು. ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರೂ ಅದರೊಳಗೆ ಇದ್ದಾರೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರಿನವರೆಗೆ ವಿಸ್ತರಿಸಿತು. ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟು 2021ರಲ್ಲಿ ವಜಾ ಮಾಡಿತು. ಅನೇಕರು ಈ ವಿನಾಯಿತಿ ಎಂದರೆ ಕಾಯ್ದೆಯಿಂದಲೇ ಬಿಡುಗಡೆ ಎಂದು ತಿಳಿಯುತ್ತಾರೆ. ಅದು ಕೋವಿ ಇಟ್ಟುಕೊಳ್ಳುವ, ಒಯ್ಯುವ ಹಕ್ಕಿನದು. ಮನೆಯಲ್ಲಿ ಕಾಡತೂಸು ತಯಾರಿಸುವುದರ ಬಗ್ಗೆ ಅಲ್ಲ.

ಎರಡನೆಯವರು ರೈತರು. 13ನೇ ಕಲಮು ಬೆಳೆ ಕಾಯಲು ನಳಿಕೆಯ ಬಾಯಿಂದ ತುಂಬುವ ಕೋವಿಗೆ ಪರವಾನಗಿಯ ದಾರಿ ತೆರೆದಿಟ್ಟಿದೆ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದೇ ಹೊಲಕ್ಕೆ ರಾತ್ರಿ ಕಾಡುಹಂದಿ ನುಗ್ಗುತ್ತದೆ, ಹಗಲು ಚಿಗರಿಯ ಹಿಂಡು ಮೇಯುತ್ತದೆ. ಚಿಗರಿಯನ್ನು 1972ರ ವನ್ಯಜೀವಿ ಕಾಯ್ದೆ ಕಾಯುತ್ತದೆ, ಕಾಯಬೇಕು ಕೂಡ. ರೈತನಿಗೆ ಬೇಕಾದದ್ದು ಸದ್ದು. ಇಲ್ಲೊಂದು ಒಳವಿರೋಧ ಕಾಣುತ್ತದೆ. ಕೇಪಿನ ಕೋವಿಯವನು ಪ್ರತಿ ಸಲ ಮದ್ದು, ಡಾಟು, ಚರೆ ಕೈಯಿಂದಲೇ ಜಡಿಯುತ್ತಾನೆ. ಅದನ್ನು ಕಾನೂನು ಕೋವಿಯ ಬಳಕೆ ಎನ್ನುತ್ತದೆ. ಅದೇ ಮದ್ದು, ಅದೇ ಚರೆಯನ್ನು ಒಂದು ಹಿತ್ತಾಳೆ ಕೋಶದೊಳಗೆ ಜಡಿದರೆ ತಯಾರಿಕೆ ಎನ್ನುತ್ತದೆ. ಕೆಲಸ ಒಂದೇ, ಪಾತ್ರೆ ಬೇರೆ. ಈ ಗೆರೆಗೆ ಕಾರಣ ಇಲ್ಲದಿಲ್ಲ: ಕೋಶದಲ್ಲಿ ತುಂಬಿಟ್ಟದ್ದನ್ನು ಕೂಡಿಡಬಹುದು, ಮಾರಬಹುದು, ನಳಿಕೆಯಲ್ಲಿ ತುಂಬಿದ್ದನ್ನು ಆಗದು.

ಮೂರನೆಯವರು ಕ್ರೀಡಾಪಟುಗಳು. ಗುರಿಕಟ್ಟೆಗಳಲ್ಲಿ ಹೆಚ್ಚು ಸುಡುವ .22 ಕಾಡತೂಸಿನಲ್ಲಿ ಸಿಡಿಮದ್ದು ತಳದ ಅಂಚಿನ ಮಡಿಕೆಯಲ್ಲೇ ಇರುವುದರಿಂದ ಅದನ್ನು ಮನೆಯಲ್ಲಿ ಮತ್ತೆ ತುಂಬಲಾಗದು. ಗಾಳಿ ರೈಫಲ್ಲಿಗೆ ಕೋಶವೇ ಇಲ್ಲ. ಹಾಗಾಗಿ ಡೈ ಬೇಕೆನ್ನುವವರು ದೊಡ್ಡ ಅಳತೆಯ ರೈಫಲ್, .32 ರಿವಾಲ್ವರ್ ಮತ್ತು 12 ಬೋರಿನ ಕೆಲವರು ಮಾತ್ರ. ಬ್ರಿಟನ್ನಿನಲ್ಲಿ ಪರವಾನಗಿ ಇದ್ದವನು ತನ್ನ ಬಳಕೆಗೆ ತಾನೇ ತುಂಬಿಕೊಳ್ಳಬಹುದು. 2006ರ ಕಾಯ್ದೆಯ ನಂತರ ಕೇಪು ಕೊಳ್ಳುವಾಗ ಪರವಾನಗಿ ತೋರಿಸಬೇಕು. ಉಪಕರಣವನ್ನು ಬಿಟ್ಟು ಕೇಪನ್ನು ಹಿಡಿದ ದಾರಿ ಅದು. ಕೇಪಿಲ್ಲದೆ ಎಂಥ ಡೈಯಿಂದಲೂ ಗುಂಡು ಹಾರದು ಎಂಬ ಸರಳ ತಿಳಿವು ಅದರ ಹಿಂದಿದೆ. ನಮ್ಮಲ್ಲೂ ಇದು ಚರ್ಚೆಗೆ ಯೋಗ್ಯ ಎಂದು ನಾನು ನಂಬಿದ್ದೇನೆ.

ಇತ್ಯರ್ಥವಾಗದೆ ಉಳಿದವು

ಉಕ್ಕಿನ ಕಡೆಯ ಜಗಳ ಬಹುಪಾಲು ಇತ್ಯರ್ಥವಾಗುವಂಥದು, ಅಳತೆಗೋಲು ಇದೆ. ಉಳಿದದ್ದು ತುಕ್ಕಿನ ಪ್ರಶ್ನೆ. ಡೈಯ ಬಾಯಂಚಿನ ಸಣ್ಣ ಗುಳಿಯನ್ನು ಉಜ್ಜಿ ಬಳಸಬಹುದೆನ್ನುವವರೂ, ಉಜ್ಜಿದಷ್ಟೂ ಅಳತೆ ಹಿಗ್ಗುತ್ತದೆನ್ನುವವರೂ ಇದ್ದಾರೆ. ಇಬ್ಬರೂ ಸರಿ, ಎಲ್ಲಿ ನಿಲ್ಲಿಸಬೇಕೆಂಬುದಕ್ಕೆ ಒಂದು ಗೆರೆ ಇಲ್ಲ.

ಕಾನೂನಿನ ಕಡೆ ಗಂಟು ಹೆಚ್ಚು. ‘ಯಂತ್ರಸಾಮಗ್ರಿ’ ಎಂದರೇನೆಂದು ಕಾಯ್ದೆ ವಿವರಿಸುವುದಿಲ್ಲ. ಕೈಯಲ್ಲಿ ತಿರುವುವ ಒಂದು ಸಾಧನ ಯಂತ್ರವೇ? ಪ್ರೆಸ್ಸಿಲ್ಲದ ಡೈ ಯಂತ್ರವೇ, ಯಂತ್ರದ ಭಾಗವೇ? 45ನೇ ಕಲಮು ಹೊರಗಿಡುವುದು ‘ಸಣ್ಣ ಭಾಗ’ಗಳನ್ನು, ಯಂತ್ರಸಾಮಗ್ರಿ ಆ ಮಾತಿನೊಳಗೆ ಬರುತ್ತದೆಯೇ? ಪುರಾತನ ಮೌಲ್ಯದ ವಿನಾಯಿತಿ ಆಯುಧಕ್ಕೆ ಹೇಳಿದ್ದು. ನೂರು ವರ್ಷದ ಹಳೆಯ ತುಂಬುಸಾಧನಕ್ಕೆ ಅದು ಸಲ್ಲುತ್ತದೆಯೇ? ತಿಳಿಯದೆ ಇಟ್ಟುಕೊಂಡದ್ದು ತಪ್ಪಲ್ಲ ಎಂದಾದರೆ, ಈ ಲೇಖನ ಬರೆದ ನನ್ನಂಥವನಿಗೆ ತಿಳಿದ ದಿನದಿಂದ ಏನು?

ಹಿಡಿತ ಕಾನೂನುಬದ್ಧವಾಗಿ ಉಳಿಯದಾದಾಗ ಆಯುಧ, ಮದ್ದುಗುಂಡುಗಳನ್ನು ಪೊಲೀಸ್ ಠಾಣೆಯಲ್ಲೋ ಪರವಾನಗಿ ಇರುವ ವ್ಯಾಪಾರಿಯ ಬಳಿಯೋ ಒಪ್ಪಿಸಬೇಕೆಂದು 21ನೇ ಕಲಮು ಹೇಳುತ್ತದೆ. ಒಪ್ಪಿಸಲು ನಾನು ಸಿದ್ಧ. ಆದರೆ ಅದು ಒಪ್ಪಿಸಬೇಕಾದ ವಸ್ತುವೋ, ಮುತ್ತಜ್ಜನ ಬರೀ ಹಿತ್ತಾಳೆಯ ಸಾಮಾನೋ? ಇದನ್ನು ಕೇಳಿ ಒಂದು ಅರ್ಜಿ ಬರೆದೆ. ಫೋಟೊ ಅಂಟಿಸಿದೆ, ಶೆಫೀಲ್ಡ್ ಮತ್ತು 12 ಎಂಬ ಗುರುತುಗಳನ್ನು ನಮೂದಿಸಿದೆ, ಕೊಟ್ಟದ್ದಕ್ಕೆ ಸಹಿ ಮಾಡಿಸಿಕೊಂಡೆ. ಉತ್ತರ ಇನ್ನೂ ಬಂದಿಲ್ಲ. ಸ್ವೀಕೃತಿಯ ಪ್ರತಿಯನ್ನು ಅದೇ ತಗಡಿನ ಪೆಟ್ಟಿಗೆಯಲ್ಲಿ, ಸಾಧನದ ಪಕ್ಕದಲ್ಲೇ ಇಟ್ಟಿದ್ದೇನೆ.